ಕೇಳಿದ್ದೆಷ್ಟು, ಹೇಳಿದ್ದೆಷ್ಟು?

‘ನಾನೇ ಕಿವಿಯಾರೆ ಕೇಳಿದೆ’ ಎನ್ನುವವರ ಮಾತನ್ನು ನಾವು ಸುಲಭವಾಗಿ ನಂಬುತ್ತೇವೆ. ಆದರೆ ಕೇಳುವುದೆಂದರೇನು? ಕಿವಿಗೆ ಬಿದ್ದದ್ದೆಷ್ಟು, ಮನಸ್ಸು ಸೇರಿಸಿಕೊಂಡದ್ದೆಷ್ಟು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಯಾವ ಗ್ರಂಥವೂ ಅಲ್ಲ, ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಒಂದು ಟ್ರಾನ್ಸಿಸ್ಟರ್.

ಅದು ನನ್ನ ಮಾಮೂ ಅವರದು. ಹಾವೇರಿ ಕಡೆಯ ನಮ್ಮ ಊರಿನಲ್ಲಿ ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಎರಡು ಪೆನ್ಸಿಲ್ ಸೆಲ್ಲಿನ ಆ ರೇಡಿಯೊದಲ್ಲಿ ಹಗಲು ಹೊತ್ತು ಧಾರವಾಡ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಕತ್ತಲಾದ ಮೇಲೆ ಮಾಳಿಗೆ ಹತ್ತಿ ಕೂತರೆ ಅದೇ ಪುಟ್ಟ ಪೆಟ್ಟಿಗೆಯಲ್ಲಿ ಹೈದರಾಬಾದ್, ಮದ್ರಾಸ್, ಸಿಂಹಳ ಎಲ್ಲವೂ ಮಾತಾಡತೊಡಗುತ್ತಿದ್ದವು. ನಾನು ಅದನ್ನು ಜಾದೂ ಎಂದುಕೊಂಡಿದ್ದೆ. ಅದರ ಗುಟ್ಟು ಆಕಾಶದಲ್ಲಿದೆ. ಹಗಲಿನಲ್ಲಿ ಸೂರ್ಯನ ಶಾಖಕ್ಕಿಂತ ಅವನ ಕಿರಣಗಳ ಪ್ರಭಾವದಿಂದ ವಾತಾವರಣದ ಮೇಲ್ಭಾಗದಲ್ಲಿ ಒಂದು ಪದರ ಹುಟ್ಟಿಕೊಂಡು, ಮಧ್ಯಮ ತರಂಗದ ಅಲೆಗಳನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಕರಗುತ್ತದೆ. ಆಗ ಅಲೆಗಳು ಅದಕ್ಕೂ ಮೇಲೆ, ಸುಮಾರು ನೂರು ಕಿಲೋಮೀಟರಿಗಿಂತ ಎತ್ತರದ ಪದರಗಳಿಗೆ ತಾಗಿ, ಬಾಗಿ, ನೂರಾರು ಹರದಾರಿ ದೂರದ ನೆಲಕ್ಕೆ ಇಳಿಯುತ್ತವೆ.

ಆ ರೇಡಿಯೊದ ಹೊಟ್ಟೆಯಲ್ಲಿ ಬೆರಳುದ್ದದ ಒಂದು ಕಪ್ಪು ಫೆರೈಟ್ ಕಡ್ಡಿ ಇತ್ತು. ಅದೇ ಆಂಟೆನಾ. ಅದರ ತುದಿ ಯಾವ ದಿಕ್ಕಿಗಿರುತ್ತದೋ ಆ ದಿಕ್ಕಿನ ನಿಲಯ ಕ್ಷೀಣವಾಗುತ್ತದೆ. ಮಾಮೂ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ ಜೋರಿನ ನಿಲಯವನ್ನು ತಗ್ಗಿಸಿ, ಅದರ ಅಡಿಯಲ್ಲಿ ಹುದುಗಿದ್ದ ಸಣ್ಣ ದನಿಯನ್ನು ಮೇಲೆತ್ತುತ್ತಿದ್ದರು. ಒಬ್ಬರನ್ನು ಕೇಳಬೇಕಾದರೆ ಇನ್ನೊಬ್ಬರಿಂದ ಕಿವಿ ತಿರುಗಿಸಲೇಬೇಕು. ಇದು ರೇಡಿಯೊಗೆ ಮಾತ್ರ ಅನ್ವಯಿಸುವ ನಿಯಮವಲ್ಲ.

ಅವರಿಗೆ ಪ್ರಿಯವಾದದ್ದು ಆಕಾಶವಾಣಿಯ ಉರ್ದು ಸರ್ವೀಸ್. 1965ರಲ್ಲಿ, ಗಡಿಯಾಚೆಯ ಕೇಳುಗರಿಗಾಗಿ ಆರಂಭವಾದ ಸೇವೆ ಅದು. ರಾಜಕೋಟ್‌ನ 1000 ಕಿಲೋವಾಟ್ ಟ್ರಾನ್ಸ್‌ಮಿಟರ್ ಅದನ್ನು ಹೊತ್ತು ಹಾಕುತ್ತಿತ್ತು. ಯಾರಿಗೋ ಕಳಿಸಿದ ಮಾತು, ಹಾಡು ನಮ್ಮ ಮಾಳಿಗೆಗೂ ಬರುತ್ತಿತ್ತು. ಬರುತ್ತಿತ್ತು ಎಂದರೆ ಪೂರ್ತಿಯಾಗಿ ಅಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದನ್ನೊಂದು ಅಳಿಸಿದಾಗ ದನಿ ಮುಳುಗುತ್ತದೆ, ಮತ್ತೆ ಏಳುತ್ತದೆ. ದೂರದಲ್ಲಿ ಸಿಡಿಲು ಮಿಂಚಿದರೆ ಇಲ್ಲಿ ಗರಗರ ಸದ್ದು.

ಹೀಗೆ ದೂರದ ನಿಲಯಗಳನ್ನು ಹುಡುಕುವ ಹವ್ಯಾಸಕ್ಕೆ ಡಿಎಕ್ಸಿಂಗ್ ಎಂಬ ಹೆಸರಿದೆ. ಜಗತ್ತಿನ ತುಂಬ ಇಂಥ ಹವ್ಯಾಸಿಗಳಿದ್ದಾರೆ. ತಾವು ಕೇಳಿದ ನಿಲಯಕ್ಕೆ ಇವರು ಒಂದು ವರದಿ ಬರೆಯುತ್ತಾರೆ: ಎಷ್ಟು ಹೊತ್ತಿಗೆ, ಯಾವ ತರಂಗಾಂತರದಲ್ಲಿ, ಏನೇನು ಕೇಳಿಸಿತು ಎಂದು. ದನಿಯ ಬಲ, ಬೇರೆ ನಿಲಯದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ ಇವಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ನಿಲಯದವರು ತಮ್ಮ ದಾಖಲೆಯೊಂದಿಗೆ ಹೋಲಿಸಿ ನೋಡಿ, ಸರಿಯಿದ್ದರೆ ದೃಢೀಕರಣದ ಕಾರ್ಡು ಕಳಿಸುತ್ತಾರೆ. ಕೇಳದ್ದನ್ನು ಕೇಳಿದೆನೆಂದು ಬರೆದರೆ ಆ ಕಾರ್ಡಿಗೆ ಬೆಲೆಯಿಲ್ಲ. ಮಾಮೂ ಯಾರಿಗೂ ವರದಿ ಕಳಿಸಿದವರಲ್ಲ. ಆದರೆ ಅವರ ನೋಟುಬುಕ್ಕಿನಲ್ಲಿ ಉರ್ದು ಸಾಲುಗಳ ನಡುವೆ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ‘ಇಲ್ಲಿ ಅಲೆ ಮುಳುಗಿತು ಬೇಟಾ, ಖಾಲಿಯೇ ಇರಲಿ’ ಎನ್ನುತ್ತಿದ್ದರು.

1992ರ ಡಿಸೆಂಬರ್. ಬಾಬರಿ ಮಸೀದಿ ಉರುಳಿ ಕೆಲವು ದಿನಗಳಾಗಿದ್ದವು. ನನಗೆ ಹನ್ನೊಂದು ವರ್ಷ. ಮಾಮೂ ಇಶಾ ನಮಾಜಿಗೆ ಹೋಗಿದ್ದರು, ರೇಡಿಯೊ ನನ್ನ ಕೈಯಲ್ಲಿತ್ತು. ಉರ್ದು ವಾರ್ತೆಯಲ್ಲಿ ನಮ್ಮ ಸಮೀಪದ ದೊಡ್ಡ ಊರಿನ ಹೆಸರು ಬಂತು, ‘ಕರ್ಫ್ಯೂ’ ಎಂಬ ಮಾತು ಬಂತು, ಅಷ್ಟರಲ್ಲಿ ದನಿ ಮುಳುಗಿತು. ನಾನು ಕೆಳಗೆ ಓಡಿದೆ. ಅಂಗಳದಲ್ಲಿ ನೆರೆಮನೆಯ ಕಾಕಾ ನಿಂತಿದ್ದರು. ‘ಅಲ್ಲಿ ಕರ್ಫ್ಯೂ ಹಾಕ್ಯಾರಂತ, ನಾನೇ ಕೇಳಿದೆ’ ಎಂದೆ. ಆ ಊರಿನ ಆಸ್ಪತ್ರೆಯಲ್ಲಿ ಕಾಕಾನ ತಮ್ಮ ಮಲಗಿದ್ದ. ರಾತ್ರಿ ಬಸ್ಸಿಗೆ ಹೊರಡಲು ಕಟ್ಟಿದ್ದ ಗಂಟನ್ನು ಅವರು ಬಿಚ್ಚಿದರು. ಮರುದಿನ ಮಧ್ಯಾಹ್ನ ಹೋಗಿ ಮುಟ್ಟುವಷ್ಟರಲ್ಲಿ ತಮ್ಮ ಇರಲಿಲ್ಲ. ಆ ವಾರ್ತೆ ಕರ್ಫ್ಯೂ ತೆರವುಗೊಳಿಸಿದ ವಾರ್ತೆಯಾಗಿತ್ತು.

ಉರ್ದುವಿನಲ್ಲಿ, ಕನ್ನಡದಲ್ಲೂ, ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹಾಕಿದರೋ ತೆಗೆದರೋ ಎಂಬುದು ತಿಳಿಯಲು ಕೊನೆಯವರೆಗೆ ಕಾಯಬೇಕು. ಆ ಕೊನೆಯನ್ನು ಅಲೆ ನುಂಗಿತ್ತು, ನನ್ನ ಭಯ ಅದನ್ನು ತುಂಬಿತ್ತು.

ಮಾಮೂ ನನ್ನನ್ನು ಕಾಕಾನ ಮನೆಗೆ ಕರೆದೊಯ್ದು ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, ‘ಬಿಡ್ರಿ ಸಾಹೇಬ್ರ, ಸಣ್ಣ ಹುಡುಗ, ಅದಕ್ಕೇನು ತಿಳೀತೈತಿ’ ಎಂದರು. ಅವರು ಕ್ಷಮಿಸಿದರು. ಆದರೆ ಪ್ರಶ್ನೆ ಇಂದಿಗೂ ನನ್ನೊಂದಿಗಿದೆ. ನಾನು ಸುಳ್ಳು ಹೇಳಿದೆನೇ? ಮೋಸಗೊಳಿಸುವ ಉದ್ದೇಶ ನನಗಿರಲಿಲ್ಲ. ಕಾಕಾನ ಒಳಿತನ್ನೇ ಬಯಸಿದ್ದೆ. ಹಾಗಿದ್ದರೂ ‘ನಾನೇ ಕೇಳಿದೆ’ ಎಂದದ್ದು ನಿಜವಲ್ಲ. ಕೇಳದ ಭಾಗಕ್ಕೂ ಕೇಳಿದ್ದರ ಮೊಹರು ಒತ್ತಿದ್ದೆ. ವದಂತಿ ಹುಟ್ಟುವುದು ದುಷ್ಟರ ಬಾಯಿಯಲ್ಲಿ ಮಾತ್ರವಲ್ಲ, ಹೆದರಿದ ಒಳ್ಳೆಯವರ ಬಾಯಿಯಲ್ಲೂ ಹುಟ್ಟುತ್ತದೆ.

ಹಾಗಾದರೆ ಪೂರ್ತಿ ತಿಳಿಯುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ? ಅಪಾಯದ ಹೊತ್ತಿನಲ್ಲಿ ಮೌನವೂ ಪ್ರಾಣ ತೆಗೆದೀತು. ಹೇಳಬೇಕು, ಖಾಲಿ ಜಾಗವನ್ನೂ ಸೇರಿಸಿ ಹೇಳಬೇಕು. ‘ಕರ್ಫ್ಯೂ ಎಂಬ ಮಾತು ಕೇಳಿಸಿತು, ಹಾಕಿದ್ದೋ ತೆಗೆದದ್ದೋ ಗೊತ್ತಾಗಲಿಲ್ಲ’ ಎಂದಿದ್ದರೆ ಕಾಕಾ ಬಸ್ ನಿಲ್ದಾಣದಲ್ಲಿ ಇನ್ನೊಬ್ಬರನ್ನು ವಿಚಾರಿಸುತ್ತಿದ್ದರು.

ಇತ್ತೀಚಿನ ವರ್ಷಗಳಲ್ಲಿ ಆಕಾಶವಾಣಿಯ ಹಲವು ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳು ಮೌನವಾಗಿವೆ. ಬಿಬಿಸಿಯ ಹಿಂದಿ ರೇಡಿಯೊ ಪ್ರಸಾರ 2020ರ ಜನವರಿಗೆ ನಿಂತಿತು. ಈಗ ಸುದ್ದಿ ಬರುವುದು ಮೊಬೈಲಿಗೆ, ಸ್ಫಟಿಕದಷ್ಟು ಸ್ವಚ್ಛವಾಗಿ. ಹಿಂದಿನ ರೇಡಿಯೊ ಸತ್ಯವನ್ನೇ ನುಡಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಸಾವಿರ ಕಿಲೋವಾಟ್ ಇದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಆದರೆ ಆ ಗರಗರ ಸದ್ದು, ‘ನೀನು ಕೇಳುತ್ತಿರುವುದು ದೂರದ್ದು, ಅರ್ಧದ್ದು’ ಎಂದು ಎಚ್ಚರಿಸುತ್ತಲೇ ಇರುತ್ತಿತ್ತು. ಹತ್ತು ಕೈ ದಾಟಿ ಬಂದ ವಾಟ್ಸಾಪ್ ಸಂದೇಶದಲ್ಲಿ ಅಂಥ ಸದ್ದಿಲ್ಲ. ಎಲ್ಲಿ ಮುರಿದಿದೆ, ಯಾರು ತುಂಬಿದರು ಎಂಬುದು ಕಾಣುವುದಿಲ್ಲ. ಆ ಎಚ್ಚರವನ್ನು ನಾವೇ ಸಾಕಿಕೊಳ್ಳಬೇಕಾಗಿದೆ.

ಮಾಮೂ ಈಗಿಲ್ಲ. ಅವರ ನೋಟುಬುಕ್ಕು ನನ್ನ ಬಳಿಯಿದೆ. ಕತೆ ಬರೆಯುವವನಾಗಿ ಖಾಲಿ ಜಾಗಗಳನ್ನು ತುಂಬುವುದೇ ನನ್ನ ಕಸುಬು. ಕತೆಯಲ್ಲಿ ತುಂಬುತ್ತೇನೆ, ಏಕೆಂದರೆ ಅದು ಕತೆಯೆಂದು ಓದುಗರಿಗೆ ಮೊದಲೇ ಗೊತ್ತು. ಆದರೆ ಆ ಪುಟಗಳಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ.