ಕರೆದವರ ಋಣ

ದೂರದ ಊರಿನವರನ್ನು ದುಡಿಮೆಗೆಂದು ಕರೆಸಿಕೊಂಡ ಮೇಲೆ ಯಾರು ಯಾರಿಗೆ ಋಣಿ? ಬಂದವನೇ ಋಣಿ ಎನ್ನುವುದು ನಮ್ಮ ಕಡೆಯ ರೂಢಿ. ಕೆಲಸ ಕೊಟ್ಟಿದ್ದೇವೆ, ಇರೋಕೆ ಜಾಗ ಕೊಟ್ಟಿದ್ದೇವೆ, ಅನ್ನದ ದಾರಿ ತೋರಿಸಿದ್ದೇವೆ. ಉಂಡ ಮನೆಯ ಜಂತೆ ಎಣಿಸಬಾರದು. ಗುಬ್ಬಿ ತಾಲ್ಲೂಕಿನಲ್ಲಿ ತೆಂಗಿನ ನಾರಿನ ಸಣ್ಣ ಕಾರ್ಖಾನೆ ನಡೆಸುವ ನಾನು ಈ ಮಾತನ್ನು ಜೊತೆಯ ಮಾಲೀಕರ ಬಾಯಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಮಗಳು ಮಾಲ್ಟಾ ದೇಶಕ್ಕೆ ನರ್ಸಿಂಗ್ ಕೆಲಸಕ್ಕೆ ಹೋದ ಮೇಲೆ ಅದೇ ಮಾತು ಇಂಗ್ಲಿಷಿನಲ್ಲಿ, ಒಪ್ಪಂದದ ಒಂದು ಸಾಲಾಗಿ ನನ್ನ ಮನೆಗೇ ಬಂತು: ಗಡುವಿಗೆ ಮುಂಚೆ ಕೆಲಸ ಬಿಟ್ಟರೆ ನಿಮ್ಮನ್ನು ಕರೆಸಿಕೊಂಡ ಖರ್ಚನ್ನು ನಿಮ್ಮಿಂದ ವಸೂಲು ಮಾಡಲಾಗುವುದು.

ಆ ಸಾಲನ್ನು ಓದಿದ ದಿನದಿಂದ ಇದು ನನಗೆ ವ್ಯವಹಾರದ ಪ್ರಶ್ನೆಯಾಗಿ ಉಳಿದಿಲ್ಲ.

ಮಾಲ್ಟಾ 316 ಚದರ ಕಿಲೋಮೀಟರಿನ ದ್ವೀಪ ದೇಶ. ನಮ್ಮ ಗುಬ್ಬಿ ತಾಲ್ಲೂಕೇ ಅದಕ್ಕಿಂತ ಬಹಳ ದೊಡ್ಡದು. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 5 ಲಕ್ಷ 20 ಸಾವಿರ. ಅವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ಹೊರದೇಶದವರು. ಹೋಟೆಲು, ಕಟ್ಟಡ, ಬಸ್ಸು, ವೃದ್ಧಾಶ್ರಮ ಎಲ್ಲ ಕಡೆಯೂ ಹೊರಗಿನ ಕೈಗಳಿವೆ. ಅಲ್ಲಿ ‘ಸಿಂಗಲ್ ಪರ್ಮಿಟ್’ ಅಂತ ಒಂದು ವ್ಯವಸ್ಥೆ ಇದೆ. ವಾಸಕ್ಕೂ ಕೆಲಸಕ್ಕೂ ಸೇರಿ ಒಂದೇ ಅನುಮತಿ. ಯುರೋಪಿಯನ್ ಒಕ್ಕೂಟ 2011ರಲ್ಲಿ ತಂದ ನಿಯಮದ ಮೇಲೆ ನಿಂತದ್ದು. ಕೆಲಸ ಕೊಡುವ ಸಂಸ್ಥೆ ಐಡೆಂಟಿಟಾ ಎಂಬ ಸರ್ಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಅಲ್ಲಿಂದ ಒಪ್ಪಿಗೆ ಪತ್ರ ಬಂದರೆ ಮಾತ್ರ ಇಲ್ಲಿ ವೀಸಾಕ್ಕೆ ಬೆರಳಚ್ಚು ಕೊಡುವುದು. ಅದಕ್ಕೆ ಮುಂಚೆ ಅಂಕಪಟ್ಟಿ, ಅನುಭವದ ಪತ್ರ, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ವಿಮೆ, ಅಲ್ಲಿ ಮನೆ ಬಾಡಿಗೆಗೆ ಸಿಕ್ಕಿದೆ ಎಂಬ ದಾಖಲೆ. ತುಮಕೂರಿನಲ್ಲಿ ಓದಿದ ಹುಡುಗಿಯೊಬ್ಬಳು ಒಬ್ಬ ಮುದುಕಿಗೆ ಊಟ ತಿನ್ನಿಸಿ, ಮೈ ಒರೆಸಿ, ಹಾಸಿಗೆ ಬದಲಾಯಿಸುವುದಕ್ಕೆ ಇಷ್ಟು ಕಾಗದ ಬೇಕು. ಬೇಕಾಗಲಿ. ಮನೆಗೆ ಬರುವವರು ಯಾರೆಂದು ತಿಳಿದುಕೊಳ್ಳುವ ಹಕ್ಕು ಮನೆಯವರಿಗಿದೆ.

ನನ್ನ ಮನಸ್ಸು ತಡೆದದ್ದು ಬೇರೆ ಕಡೆ. ಮಗಳು ವಿಡಿಯೊ ಕಾಲಿನಲ್ಲಿ ತನ್ನ ಕಾರ್ಡು ತೋರಿಸಿದಳು. ಫೋಟೊ, ಹೆಸರು, ಮುಗಿಯುವ ತಾರೀಖು. “ಅಪ್ಪಾಜಿ, ಇದು ನನ್ನ ಹೆಸರಲ್ಲಿದೆ, ಆದರೆ ಇದರ ಬೇರು ಕಂಪನಿ ಹತ್ರ ಇದೆ” ಅಂದಳು. ಆ ಸಂಸ್ಥೆಯ ಕೆಲಸ ಬಿಟ್ಟರೆ ಆ ಅನುಮತಿಯೂ ಹೋಯಿತು. ಬೇರೆ ಸಂಸ್ಥೆ ಸೇರಬೇಕಾದರೆ ಹೊಸದಾಗಿ ಅರ್ಜಿ. ಕೆಲಸ ಕಳೆದುಕೊಂಡವರಿಗೆ ಇನ್ನೊಂದು ಕೆಲಸ ಹುಡುಕಲು ಹಿಂದೆ ಅಲ್ಲಿ ಹತ್ತೇ ದಿನ ಕೊಡುತ್ತಿದ್ದರಂತೆ. ಹತ್ತು ದಿನದಲ್ಲಿ ಗುಬ್ಬಿಯಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಅವಳು ಮಾತು ಮುಗಿಸುವ ಮೊದಲು ಇನ್ನೊಂದು ಕೇಳಿದಳು: “ನಮ್ಮ ಮನೆ ಮುಂಗಡದ ಪುಸ್ತಕವೂ ಇದೇ ಅಲ್ವಾ, ಅಪ್ಪಾಜಿ?”

ಮುಂಗಡದ ಪುಸ್ತಕದ ವಿಷಯ ಹೇಳುತ್ತೇನೆ. ಮಟ್ಟೆಯನ್ನು ನೀರಲ್ಲಿ ನೆನೆಸಿ ಯಂತ್ರಕ್ಕೆ ಕೊಡುತ್ತೇವೆ. ಯಂತ್ರ ಬಡಿದು ನಾರನ್ನೂ ಪುಡಿಯನ್ನೂ ಬೇರ್ಪಡಿಸುತ್ತದೆ. ನಾರನ್ನು ಅಂಗಳದಲ್ಲಿ ಹರಡಿ ಒಣಗಿಸಿ ಬೇಲ್ ಕಟ್ಟುತ್ತೇವೆ, ಒಂದಷ್ಟನ್ನು ಹುರಿ ಮಾಡುತ್ತೇವೆ. ಯಂತ್ರದ ಬಾಯಿಗೆ ಮಟ್ಟೆ ಕೊಡುವವರು ಟವಲನ್ನು ಮೂಗಿಗೆ ಬಿಗಿದು ನಿಂತಿರುತ್ತಾರೆ. ಸಂಜೆ ಟವಲು ಬಿಚ್ಚಿದಾಗ ಕಣ್ಣಿನ ಸುತ್ತ ಕಂದು ಬಣ್ಣದ ಪುಡಿ, ಮೂಗಿನ ಕೆಳಗೆ ಮಾತ್ರ ಚರ್ಮದ ಬಣ್ಣ. ಈ ಕೆಲಸಕ್ಕೆ ನಮ್ಮ ಹುಡುಗರು ಬರುವುದು ನಿಂತು ಬಹಳ ಕಾಲವಾಯಿತು. ಈಗ ಇರುವವರು ಒಡಿಶಾದ ಬಲಾಂಗೀರ್ ಕಡೆಯವರು. ಹೊರಡುವ ಮೊದಲೇ ಊರಲ್ಲಿ ಮುಂಗಡ ತೆಗೆದುಕೊಂಡು ದುಡಿಮೆಗೆ ಹೊರಡುವುದು ಆ ಸೀಮೆಯಲ್ಲಿ ಹಳೆಯ ಪದ್ಧತಿ. ಅದಕ್ಕೆ ಅವರು ದಾದನ್ ಅನ್ನುತ್ತಾರೆ. ಮನೆಯ ಸಾಲವೋ, ಮಗಳ ಮದುವೆಯೋ, ಮಳೆ ಕೈಕೊಟ್ಟ ವರ್ಷವೋ ಅವರನ್ನು ಅದಕ್ಕೆ ದೂಡುತ್ತದೆ. ಮುಂಗಡ ಕೊಟ್ಟ ಮೇಲೆ ಅದು ತೀರುವವರೆಗೂ ಆಳು ತನ್ನವನು ಎನ್ನುವ ಭಾವನೆ ಕೊಟ್ಟವನಲ್ಲಿ ತಾನಾಗಿ ಬೆಳೆಯುತ್ತದೆ. ಕೆಲವರು ‘ಜೋಪಾನಕ್ಕೆ’ ಅಂತ ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳುತ್ತಾರೆ. ನಾನು ಕಾರ್ಡು ಮುಟ್ಟುವುದಿಲ್ಲ, ಮುಂಗಡ ತೀರಿಸದೆ ಹೋದವನ ಬೆನ್ನು ಹತ್ತುವುದಿಲ್ಲ. ಇದು ನನ್ನ ಒಳ್ಳೆಯತನವಲ್ಲ. 1976ರ ಜೀತ ನಿರ್ಮೂಲನ ಕಾಯ್ದೆ ಇರುವುದೇ ಅದಕ್ಕೆ. ಆದರೂ ಮಗಳ ಪ್ರಶ್ನೆಗೆ ಕಾಯ್ದೆ ಪೂರ್ತಿ ಉತ್ತರವಲ್ಲ. ಅವಳು ಕೇಳಿದ್ದು ಕಾರ್ಡು ಯಾರ ಹತ್ತಿರ ಇದೆ ಅಂತಲ್ಲ. ಕರೆದವನಿಗೆ ಬಂದವನ ಮೇಲೆ ಹಕ್ಕು ಎಲ್ಲಿಂದ ಹುಟ್ಟುತ್ತದೆ ಅಂತ.

ಆ ಹಕ್ಕು ಎಷ್ಟು ದೂರ ಹೋಗುತ್ತದೆ ಎಂಬುದನ್ನು 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯವೇ ತೋರಿಸಿತು. ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡ ವಲಸೆ ಕಾರ್ಮಿಕರು ಊರಿಗೆ ಹೋಗಲೆಂದು ಬಿಟ್ಟಿದ್ದ ವಿಶೇಷ ರೈಲುಗಳನ್ನು, ಕಟ್ಟಡ ನಿರ್ಮಾಣದವರ ಜೊತೆ ಸಭೆ ನಡೆದ ಬೆನ್ನಲ್ಲೇ ಸರ್ಕಾರ ಬೇಡ ಎಂದಿತು. ಕಾರ್ಮಿಕರು ಹೋದರೆ ಕೆಲಸ ನಿಲ್ಲುತ್ತದೆ ಎಂಬುದು ಕಾರಣ. ಜನ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನದಲ್ಲಿ ರೈಲು ಮತ್ತೆ ಹೊರಟವು. ಆ ಎರಡು ಮೂರು ದಿನಗಳನ್ನು ನಾನು ಮರೆತಿಲ್ಲ. ನಮ್ಮ ದೇಶದೊಳಗೆ ನಮ್ಮ ದೇಶದವರೇ; ವೀಸಾ ಇಲ್ಲ, ಗಡಿ ಇಲ್ಲ; ಆದರೂ ಹೊರಡುವ ಬಾಗಿಲು ಕರೆದವರ ಕೈಯಲ್ಲಿತ್ತು.

ಶರಣರ ಕಡೆ ತಿರುಗದೆ ನನಗೆ ಈ ವಿಷಯ ಬಗೆಹರಿಯುವುದಿಲ್ಲ. ನಮ್ಮ ಸೀಮೆಯವನಿಗೆ ಅದು ಸಹಜವೂ ಹೌದು. ಶೂನ್ಯ ಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರು ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು. ಅವರ ಗುರುಪರಂಪರೆಯ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿದೆ. ಆ ಸಿದ್ಧಲಿಂಗರೂ ಇಲ್ಲಿಯವರಲ್ಲ, ಹರದನಹಳ್ಳಿ ಕಡೆಯಿಂದ ಸಂಚಾರ ಮಾಡುತ್ತಾ ಬಂದು ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರು. ಹನ್ನೆರಡನೇ ಶತಮಾನದ ಕಲ್ಯಾಣವಂತೂ ಹೊರಗಿನಿಂದ ಬಂದವರಿಂದಲೇ ತುಂಬಿದ ಊರು. ಸೌದೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಕಡೆಯ ಅರಸರಾಗಿದ್ದರು ಅಂತ ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿ ಲಿಂಗಸುಗೂರಿನ ಅಮರೇಶ್ವರದಿಂದ ಬಂದವರು. ಯಾವ ಊರು ಎಂದು ಕೇಳಿದ್ದಕ್ಕಿಂತ ಯಾವ ಕಾಯಕ ಎಂದು ಕೇಳಿದ್ದು ಅಲ್ಲಿ ಹೆಚ್ಚು.

ಅವರಲ್ಲೆಲ್ಲ ನನಗೆ ಹತ್ತಿರದವರು ನುಲಿಯ ಚಂದಯ್ಯನವರು. ನಮ್ಮದೂ ಹಗ್ಗದ ಕೆಲಸ, ಅವರದೂ ಹಗ್ಗದ ಕೆಲಸ. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದರು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ಬಿತ್ತು. ಕಾಯಕ ನಿಲ್ಲಿಸಿ ಅದನ್ನು ಎತ್ತಿಕೊಳ್ಳಲಿಲ್ಲ. ಲಿಂಗವೇ ಹಿಂದೆ ಬಂತು ಎನ್ನುತ್ತದೆ ಕಥೆ. ಮಡಿವಾಳ ಮಾಚಯ್ಯನವರು ನಡುವೆ ನಿಂತು ರಾಜಿ ಮಾಡಿಸಿದರು: ಲಿಂಗವೂ ಕಾಯಕ ಮಾಡಲಿ, ಹಗ್ಗ ಮಾರಿಕೊಂಡು ಬರಲಿ. ಲಿಂಗ ಹೋಗಿ ಹಗ್ಗದ ಬೆಲೆಗಿಂತ ಬಹಳ ಹೆಚ್ಚು ಹಣ ತಂದಿತು. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಎಷ್ಟು ಸಲ್ಲಬೇಕೋ ಅಷ್ಟು ಮಾತ್ರ.

ಈ ಕಥೆಯನ್ನು ಭಕ್ತಿಯ ಹೆಚ್ಚುಗಾರಿಕೆ ಎಂದು ಹೇಳುವುದು ರೂಢಿ. ನನಗೆ ಅದರಲ್ಲಿ ಕೂಲಿಯ ಕುರಿತ ಬಹಳ ಕಠಿಣವಾದ ವಿಚಾರ ಕಾಣುತ್ತದೆ. ದೇವರೇ ದುಡಿದರೂ ದುಡಿಮೆಯ ಬೆಲೆ ಬದಲಾಗುವುದಿಲ್ಲ ಅಂದಮೇಲೆ, ದುಡಿಯುವವನು ಬಡವ, ಹೊರಗಿನವನು, ಕಾಗದ ಸರಿಯಿಲ್ಲದವನು ಎಂಬ ಕಾರಣಕ್ಕೂ ಅದು ಇಳಿಯಬಾರದು. ಇನ್ನೊಂದು ಸಂಗತಿ ಇದೆ. ಚಂದಯ್ಯನವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇತ್ತು. ಲಿಂಗಕ್ಕೇ ಬೇಡ ಎನ್ನಬಲ್ಲವನ ದುಡಿಮೆ ಮಾತ್ರ ಪೂಜೆಗೆ ಸಮವಾಗಬಲ್ಲದು. ಬಿಟ್ಟು ಹೋಗಲಾರದವನು ಮಾಡುವ ಕೆಲಸ ಎಷ್ಟು ಶ್ರದ್ಧೆಯಿಂದ ಕೂಡಿದ್ದರೂ ಅದನ್ನು ಕಾಯಕ ಎಂದು ಹೊಗಳುವ ಅಧಿಕಾರ ಮಾಲೀಕನಿಗಿಲ್ಲ. ನಮ್ಮ ಕಡೆ ಕಾರ್ಖಾನೆಯ ಗೋಡೆಯ ಮೇಲೆ ಕಾಯಕದ ಮಾತು ಬರೆಸುತ್ತೇವೆ. ಹೋಗುವ ದಾರಿ ಮುಚ್ಚಿ ಆ ಮಾತು ಬರೆಸಿದರೆ ಅದು ಬಸವಣ್ಣನವರಿಗೆ ಮಾಡಿದ ಅಪಚಾರ.

ಸಿದ್ಧಗಂಗಾ ಮಠದಲ್ಲಿ ಪಂಕ್ತಿಗೆ ಕೂತವನನ್ನು ಯಾವ ಊರು, ಯಾವ ಜಾತಿ ಎಂದು ಕೇಳುವುದಿಲ್ಲ ಎಂಬುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಷ್ಟೇ ದೊಡ್ಡ ಇನ್ನೊಂದು ಗುಣವನ್ನು ಹೇಳಿಕೊಳ್ಳುವುದು ಕಡಿಮೆ: ಉಂಡು ಎದ್ದವನನ್ನು ಎಲ್ಲಿಗೆ ಹೊರಟೆ ಎಂದೂ ಅಲ್ಲಿ ಕೇಳುವುದಿಲ್ಲ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಕಷ್ಟದ ವರ್ಷಗಳಲ್ಲಿ ಊರೂರು ಭಿಕ್ಷೆಗೆ ಹೋಗಿ ಸಾವಿರಾರು ಮಕ್ಕಳ ದಾಸೋಹ ನಡೆಸಿದರು. ಆ ಮಕ್ಕಳನ್ನು ಓದು ಮುಗಿದ ಮೇಲೆ ಮಠಕ್ಕೆ ದುಡಿಯಿರಿ ಎಂದು ಹಿಡಿದಿಟ್ಟುಕೊಳ್ಳಲಿಲ್ಲ. ಕೊಟ್ಟವರೇ ಋಣಿಗಳಂತೆ ನಡೆದುಕೊಂಡರು. ಹಾಗಾದರೆ ಲಾಭಕ್ಕಾಗಿ ಜನರನ್ನು ಕರೆಸಿಕೊಳ್ಳುವ ನನ್ನಂಥವನು ಅನ್ನದ ಋಣದ ಮಾತು ಎತ್ತುವುದು ಹೇಗೆ? ದಾನ ಉಂಡವನಿಗೇ ಇಲ್ಲದ ಬಂಧನ ಬೆವರು ಸುರಿಸಿ ಉಂಡವನಿಗೆ ಎಲ್ಲಿಂದ ಬಂತು?

ಹಾಗೆಂದು ಗಡಿಗಳೇ ಬೇಡ ಎಂದು ನಾನು ಹೇಳುವುದಿಲ್ಲ. ಮಾಲ್ಟಾದ ಜನಕ್ಕೆ ಬಾಡಿಗೆ ಏರಿದೆ, ರಸ್ತೆ ತುಂಬಿದೆ ಎಂಬ ಸಂಕಟವಿದೆ, ಅದು ಸುಳ್ಳಲ್ಲ. ಅಲ್ಲಿ ಬಹಳಷ್ಟು ಹುದ್ದೆಗಳಿಗೆ ಹೊರಗಿನವರನ್ನು ಕರೆಯುವ ಮೊದಲು ಸ್ಥಳೀಯರಿಗಾಗಿ ಜಾಹೀರಾತು ಕೊಡಬೇಕು. ನಮ್ಮಲ್ಲೂ 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಗದ್ದಲವಾದ ಮೇಲೆ ತಡೆಹಿಡಿಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ, ಗುಬ್ಬಿಯ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಜಮೀನು ಹೋದ ಊರುಗಳ ಹುಡುಗರು ‘ನಮಗೇನು ಸಿಕ್ಕಿತು’ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಎಷ್ಟು ಜನರನ್ನು ಕರೆಯಬೇಕು, ಕರೆಯಬೇಕೋ ಬೇಡವೋ ಎಂಬುದನ್ನು ಊರು, ದೇಶ ತೀರ್ಮಾನಿಸಲಿ. ಕರೆದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದು ಮಾತ್ರ ತೀರ್ಮಾನಕ್ಕೆ ಬಿಟ್ಟದ್ದಲ್ಲ. 2021ರಲ್ಲಿ ಮಾಲ್ಟಾದಲ್ಲಿ ವಲಸೆ ಕಾರ್ಮಿಕನೊಬ್ಬ ಕಟ್ಟಡದಿಂದ ಬಿದ್ದ. ಕೆಲಸ ಕೊಟ್ಟವನು ಅವನನ್ನು ಆಸ್ಪತ್ರೆಗೆ ಒಯ್ಯದೆ ರಸ್ತೆ ಪಕ್ಕದಲ್ಲಿ ಬಿಟ್ಟು ಹೋದ. ಆ ದೇಶವೇ ಅದನ್ನು ಕಂಡು ತಲೆತಗ್ಗಿಸಿತು. ನಾಲ್ಕು ಗೋಡೆಯ ಒಳಗೆ ಕರೆದವನನ್ನು ಗಾಯವಾದ ಕೂಡಲೇ ಹೊರಗಿನವನಾಗಿ ಮಾಡಿಬಿಡಬಹುದು ಎಂಬ ಧೈರ್ಯ ಎಲ್ಲಿಂದ ಬರುತ್ತದೋ, ಅಲ್ಲೇ ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳುವ ಧೈರ್ಯವೂ ಹುಟ್ಟುವುದು.

ಕರೆಸಿಕೊಳ್ಳುವ ಖರ್ಚು ಯಾರದು ಎಂಬಲ್ಲಿ ಅಧರ್ಮ ಶುರುವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಕುಣಿಗಲ್ ಕಡೆಯ ನಮ್ಮ ಬಳಗದ ಹುಡುಗನೊಬ್ಬ ಲಾರಿ ಡ್ರೈವರ್. ಯುರೋಪಿನಲ್ಲಿ ಕೆಲಸ ಎಂದು ಒಬ್ಬ ಏಜೆಂಟ್ ಲಕ್ಷಗಟ್ಟಲೆ ಈಸಿಕೊಂಡ. ತಾಯಿಯ ಒಡವೆ ಅಡವಿಗೆ ಹೋಯಿತು, ವೀಸಾ ಬರಲಿಲ್ಲ. ನಮ್ಮ ದೇಶದ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟ್ ಮಾತ್ರ ಹೊರದೇಶಕ್ಕೆ ಜನ ಕಳಿಸಬಹುದು. ಅವನೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ರಾಜ್ಯದ ಕೌಶಲ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಇದು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಬೇಕು. ಎಡೆಯೂರಿನ ಜಾತ್ರೆಯಲ್ಲಿ, ಗುಬ್ಬಿಯ ಚನ್ನಬಸವೇಶ್ವರರ ತೇರಿನಲ್ಲಿ ಮೈಕು ಹಿಡಿದು ಹೇಳಿದರೂ ತಪ್ಪಿಲ್ಲ. ದುಡಿಯಲು ಹೊರಟವನು ದುಡಿಯುವ ಮೊದಲೇ ಸಾಲಗಾರನಾದರೆ ಅವನು ಎಲ್ಲಿಗೆ ಹೋದರೂ ಬೇಡ ಎನ್ನುವ ಬಾಯಿ ಕಳೆದುಕೊಂಡೇ ಹೋಗುತ್ತಾನೆ.

ಯುರೋಪಿಯನ್ ಒಕ್ಕೂಟ 2024ರಲ್ಲಿ ಸಿಂಗಲ್ ಪರ್ಮಿಟ್ ನಿಯಮವನ್ನು ತಿದ್ದಿದೆ. ಕೆಲಸಗಾರನಿಗೆ ಮಾಲೀಕನನ್ನು ಬದಲಾಯಿಸುವ ಹಕ್ಕು. ಕೆಲಸ ಹೋದರೂ ಕನಿಷ್ಠ ಮೂರು ತಿಂಗಳು ಅನುಮತಿ ಉಳಿಯಬೇಕು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು 2026ರ ಮೇ 21ರ ಗಡುವು. ಮಗಳು ಇದನ್ನು ಹೇಳುವಾಗ ಅವಳ ದನಿಯಲ್ಲಿ ಬಹಳ ದಿನದಿಂದ ಕೇಳದ ಗೆಲುವು ಇತ್ತು. ಬೇರೆ ಕಡೆ ಹೋಗುತ್ತೀಯಾ ಎಂದು ಕೇಳಿದೆ. “ಇಲ್ಲ ಅಪ್ಪಾಜಿ, ನಾನು ನೋಡ್ಕೊಳ್ಳೋ ಅಜ್ಜಿ ಇರೋವರೆಗೂ ಇಲ್ಲೇ ಇರ್ತೀನಿ. ಆದರೆ ಹೋಗಬಹುದು ಅಂತ ಗೊತ್ತಿದ್ದು ಇರೋದು ಬೇರೆ” ಅಂದಳು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಡ್ಯೂಟಿಗೆ ಹೋಗುವ ಅವಳೂ, ಜಪಮಾಲೆ ಹಿಡಿದು ಕೂತಿರುವ ಆ ಅಜ್ಜಿಯೂ ಎಷ್ಟೋ ಹೊತ್ತು ಮಾತಿಲ್ಲದೆ ಒಟ್ಟಿಗೆ ಇರುತ್ತಾರಂತೆ.

ಇನ್ನು ನಮ್ಮ ಅಂಗಳದ ವಿಷಯ. ಗಣೇಶ ಚೌತಿಯ ಮರುದಿನ ಪಶ್ಚಿಮ ಒಡಿಶಾದವರಿಗೆ ನೂಆಖಾಯಿ, ಹೊಸ ಅಕ್ಕಿಯ ಹಬ್ಬ. ಆ ದಿನ ಎಲ್ಲಿದ್ದರೂ ಮನೆ ಸೇರಬೇಕು ಎನ್ನುತ್ತಾರೆ. ಆರ್ಡರಿನ ಒತ್ತಡ ಎಷ್ಟೇ ಇದ್ದರೂ ಹೋಗುವವರಿಗೆ ಹೋಗುವ ಟಿಕೆಟನ್ನೂ ನಾನೇ ತೆಗೆಸುವುದು, ಬರುವ ಟಿಕೆಟನ್ನೂ ಕೊಟ್ಟು ಕಳಿಸುವುದು, ಮುಂಗಡದ ಬಾಕಿಗೂ ಇದಕ್ಕೂ ಸಂಬಂಧ ಹಚ್ಚದಿರುವುದು ಎಂದು ಮಾಡಿದ್ದೇನೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಪ್ರಯಾಣದ ಭತ್ಯೆ ಸಲ್ಲಬೇಕು ಅಂತ 1979ರ ಕಾಯ್ದೆಯಲ್ಲೇ ಇತ್ತು. ನಾನು ಹೊಸದೇನನ್ನೂ ಕಂಡುಹಿಡಿದಿಲ್ಲ. ಪಕ್ಕದ ಕಾರ್ಖಾನೆಯ ಯಜಮಾನರು ಕೇಳಿದರು: “ಹೋದವರು ವಾಪಸ್ ಬರದಿದ್ದರೆ?” ಬರದಿದ್ದರೆ ಬೇರೆಯವರನ್ನು ಕರೆಯಬೇಕು, ಅವರಿಗೂ ಹೀಗೇ ಟಿಕೆಟ್ ಕೊಡಬೇಕು ಅಂದೆ. ಆ ಖರ್ಚು ನಾರಿನ ಬೆಲೆಗೆ ಸೇರಬೇಕು. ಸೇರಿಸಿದರೆ ಟನ್ನಿಗೆ ಎಷ್ಟು ಏರುತ್ತದೆ, ಕೊಳ್ಳುವವರು ಒಪ್ಪುತ್ತಾರೋ ಇಲ್ಲವೋ, ಇಬ್ಬರೂ ಕೂತು ಲೆಕ್ಕ ಹಾಕುತ್ತಿದ್ದೇವೆ. ಅವರೂ ಈ ಸಲ ಒಬ್ಬರಿಗೆ ಟಿಕೆಟ್ ತೆಗೆಸಿದ್ದಾರೆ.