ದೇವರ ಮೇಲೆ ಹೊರಿಸಿದ ತಪ್ಪು

ತಪ್ಪು ಮಾಡಿದವನು ದೇವರ ಕಡೆ ಬೆರಳು ತೋರಿಸುವುದು ಬೈಬಲ್ಲಿನ ಮೊದಲ ಪುಟಗಳಲ್ಲೇ ಶುರುವಾಗುತ್ತದೆ. ಆದಿಕಾಂಡದ 3ನೇ ಅಧ್ಯಾಯದಲ್ಲಿ, ಬೇಡವೆಂದ ಮರದ ಹಣ್ಣನ್ನು ತಿಂದೆಯಾ ಎಂದು ದೇವರು ವಿಚಾರಿಸಿದಾಗ ಆದಾಮ ಕೊನೆಗೆ ತಿಂದದ್ದನ್ನು ಒಪ್ಪಿಕೊಳ್ಳುತ್ತಾನೆ. ಆದರೆ ಅದಕ್ಕೂ ಮೊದಲು, ಹಣ್ಣು ಕೊಟ್ಟವಳು ಹೆಂಗಸೆಂದೂ ಆ ಹೆಂಗಸನ್ನು ತನ್ನ ಜೊತೆಗಿಟ್ಟವನು ದೇವರೇ ಎಂದೂ ನೆನಪಿಸುತ್ತಾನೆ. ಒಂದೇ ಉಸಿರಿನಲ್ಲಿ ಎರಡು ದೂರು. 1952ರಲ್ಲಿ ಅಮೆರಿಕದ ಗಾಯಕ ಹ್ಯಾಂಕ್ ಥಾಂಪ್ಸನ್ ಹಾಡಿದ ‘ದ ವೈಲ್ಡ್ ಸೈಡ್ ಆಫ್ ಲೈಫ್’ ಎಂಬ ಹಾಡಿನ ಗಂಡೂ ಇದೇ ಮಾತನ್ನು ಆಡುತ್ತಾನೆ. ಮನೆ ಬಿಟ್ಟು ಹಾಂಕಿ ಟಾಂಕ್‌ಗಳ, ಅಂದರೆ ಜೂಕ್‌ಬಾಕ್ಸಿನ ಹಾಡಿಗೆ ಕುಡಿದು ಕುಣಿಯುವ ಅಗ್ಗದ ಬಾರುಗಳ, ಬದುಕಿಗೆ ಮರಳಿದವಳನ್ನು ನೆನೆದು ಅವನು ಕೊರಗುತ್ತಾನೆ. ಇಂಥ ಹೆಣ್ಣುಗಳನ್ನೂ ದೇವರೇ ಸೃಷ್ಟಿಸಿದನೆಂದು ತನಗೆ ತಿಳಿದಿರಲಿಲ್ಲ ಎನ್ನುತ್ತಾನೆ. ಅದೇ ವರ್ಷ ಮೇ 3ರಂದು ನ್ಯಾಶ್‌ವಿಲ್‌ನಲ್ಲಿ ಡೆಕ್ಕಾ ಕಂಪನಿಗಾಗಿ ಕಿಟ್ಟಿ ವೆಲ್ಸ್ ಅದಕ್ಕೆ ಉತ್ತರ ಹಾಡಿದರು. ‘ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್’ ಎಂಬ ಆ ಶೀರ್ಷಿಕೆಯೇ, ಬಾರಿನ ಆ ಹೆಣ್ಣುಗಳನ್ನು ಹಾಗೆ ಮಾಡಿದ್ದು ದೇವರಲ್ಲ ಎಂದು ಸಾರುತ್ತದೆ. ಈ ಹಾಡನ್ನು ಗಂಡು–ಹೆಣ್ಣಿನ ಜಗಳದ ಹಾಡೆಂದು ಕೇಳುವುದೇ ವಾಡಿಕೆ. ಪಾಪದ ಮೂಲ ಎಲ್ಲಿದೆ ಎಂಬ ಧರ್ಮಶಾಸ್ತ್ರದ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ಅದನ್ನು ಕೇಳಬೇಕು, ಆ ಉತ್ತರ ಬಹುಪಾಲು ಸರಿಯಾಗಿಯೂ ಇದೆ ಎಂಬುದು ನನ್ನ ವಾದ.

ಹೀಗೆ ಕೇಳುವುದಕ್ಕೆ ಗಾಯಕಿಯ ಹಿಂದಿನ ಧ್ವನಿಮುದ್ರಿಕೆಗಳೇ ಒಂದು ಆಧಾರ. 1919ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಮ್ಯೂರಿಯಲ್ ಎಲೆನ್ ಡೀಸನ್‌ಗೆ ಕಿಟ್ಟಿ ವೆಲ್ಸ್ ಎಂಬ ಹೆಸರು ಬಂದದ್ದು ಒಂದು ಹಳೆಯ ಹಾಡಿನಿಂದ. ಆ ಹೆಸರಿಟ್ಟವರು ಪತಿ, ಗಾಯಕ ಜಾನಿ ರೈಟ್. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಗೆ ಆಕೆ ಹಾಡಿದ ಮೊದಲ ಹಾಡುಗಳಲ್ಲಿ ಭಕ್ತಿಗೀತೆಗಳೇ ಎದ್ದು ಕಾಣುತ್ತವೆ. ಪ್ರಾರ್ಥನೆಯನ್ನು ಕೊನೆ ಗಳಿಗೆಯವರೆಗೆ ಮುಂದೂಡಬೇಡ ಎಂದು ಎಚ್ಚರಿಸುವ ‘ಡೋಂಟ್ ವೇಟ್ ಫಾರ್ ದ ಲಾಸ್ಟ್ ಮಿನಿಟ್ ಟು ಪ್ರೇ’ ಅವುಗಳಲ್ಲೊಂದು. ಅವು ಮಾರಾಟವಾಗಲಿಲ್ಲ, ಕಂಪನಿ ಆಕೆಯನ್ನು ಕೈಬಿಟ್ಟಿತು. ಮಾರುಕಟ್ಟೆಯ ಲೆಕ್ಕ ಏನೇ ಇರಲಿ, ಪಾಪ, ಪಶ್ಚಾತ್ತಾಪ, ತೀರ್ಪು ಎಂಬ ಮಾತುಗಳು ಆ ಕಂಠಕ್ಕೆ 1952ರಲ್ಲಿ ಹೊಸದಾಗಿ ಬಂದವಲ್ಲ. ನ್ಯಾಶ್‌ವಿಲ್ ಇರುವ ಟೆನೆಸಿ ರಾಜ್ಯದ ಕೇಳುಗರಿಗೂ ಅವು ಹೊಸವಲ್ಲ. ಯಾರು ಉದ್ಧಾರವಾಗುತ್ತಾರೆ, ಯಾರು ಆಗುವುದಿಲ್ಲ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ ಎಂಬ ಬೋಧನೆಯಲ್ಲಿ ವಿಧಿವಾದದ ವಾಸನೆ ಕಂಡು, 1810ರಲ್ಲಿ ಅದೇ ರಾಜ್ಯದ ಡಿಕ್ಸನ್ ಕೌಂಟಿಯಲ್ಲಿ ಕೆಲವು ಪಾದ್ರಿಗಳು ಬೇರೆಯಾಗಿ ನಿಂತರು. ಅವರಿಂದ ಕಂಬರ್ಲೆಂಡ್ ಪ್ರೆಸ್ಬಿಟೇರಿಯನ್ ಸಭೆ ಹುಟ್ಟಿತು. ಆ ಬೋಧನೆಯನ್ನು ಗಟ್ಟಿಯಾಗಿ ಹಿಡಿದುಕೊಂಡ ಪ್ರಿಮಿಟಿವ್ ಬ್ಯಾಪ್ಟಿಸ್ಟರೂ ಅದೇ ನೆಲದಲ್ಲಿದ್ದರು. ಮನುಷ್ಯನ ನಡತೆಯಲ್ಲಿ ದೇವರ ಪಾಲೆಷ್ಟು ಎಂಬುದು ಅಲ್ಲಿ ಪಂಡಿತರಿಗೆ ಮಾತ್ರ ಸೇರಿದ ಚರ್ಚೆಯಾಗಿರಲಿಲ್ಲ.

ಇನ್ನೊಂದು ಆಧಾರ ರಾಗದಲ್ಲಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಬಲವಾದದ್ದು. ಥಾಂಪ್ಸನ್ ಹಾಡಿಗೂ ಕಿಟ್ಟಿ ವೆಲ್ಸ್ ಹಾಡಿಗೂ ಇರುವುದು ಒಂದೇ ಧಾಟಿ. ಅದೇ ಧಾಟಿಯಲ್ಲಿ 1929ರಲ್ಲಿ ಕಾರ್ಟರ್ ಫ್ಯಾಮಿಲಿ ತಂಡ ಒಂದು ವಿರಹಗೀತೆಯನ್ನು ಧ್ವನಿಮುದ್ರಿಸಿತ್ತು. 1936ರಲ್ಲಿ ಗಾಯಕ ರಾಯ್ ಏಕಫ್ ಅದೇ ಧಾಟಿಯಲ್ಲಿ ‘ದ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆಯನ್ನು ಹಾಡಿದ್ದರು. ಈ ಭಕ್ತಿಗೀತೆಯ ಬೇರು ಯೆರೆಮೀಯನ ಗ್ರಂಥದ 12ನೇ ಅಧ್ಯಾಯದಲ್ಲಿದೆ. ಚುಕ್ಕೆಚುಕ್ಕೆಯ ಹಕ್ಕಿಯೊಂದನ್ನು ಸುತ್ತಲಿನ ಹಕ್ಕಿಗಳೆಲ್ಲ ಸೇರಿ ಮುತ್ತಿಕೊಳ್ಳುವ ಚಿತ್ರ ಅಲ್ಲಿದೆ. ಹಾಡು ಆ ಹಕ್ಕಿಯನ್ನು, ಲೋಕ ಹಳಿದರೂ ದೇವರು ಕೈಬಿಡದ ಸಭೆಯೆಂದು ಅರ್ಥಮಾಡುತ್ತದೆ. ಏಕಫ್‌ಗೆ ಹೆಸರು ತಂದುಕೊಟ್ಟ ಆ ಹಾಡು ಅಮೆರಿಕದ ದಕ್ಷಿಣದ ಮನೆಮನೆಗಳಲ್ಲಿ ಕೇಳಿಬರುತ್ತಿತ್ತು. ಎಲ್ಲರೂ ಸೇರಿ ದೂರುವ ಹೆಣ್ಣೊಬ್ಬಳು ಅದೇ ಸ್ವರಗಳಲ್ಲಿ ತನ್ನ ಪರವಾಗಿ ಮಾತಾಡಿದಾಗ, ಕೇಳುವವರ ಕಿವಿಯಲ್ಲಿ ಆ ಮುತ್ತಿಗೆಗೊಳಗಾದ ಹಕ್ಕಿಯೂ ಇದ್ದೇ ಇರುತ್ತದೆ. ಹಾಡು ಬರೆದವರ ಮನಸ್ಸಿನಲ್ಲಿ ಈ ಹೋಲಿಕೆ ಇತ್ತೆಂದು ನಾನು ಹೇಳುತ್ತಿಲ್ಲ. ಧಾಟಿಯೊಂದು ತನ್ನ ಹಳೆಯ ಮಾತುಗಳನ್ನು ಹೊತ್ತುಕೊಂಡೇ ಬರುತ್ತದೆ, ಅಷ್ಟೇ.

ಥಾಂಪ್ಸನ್ ಹಾಡಿನ ಗಂಡು ಉದ್ಗಾರವಾಗಿ ಆಡಿದ ಮಾತನ್ನು ಸಿದ್ಧಾಂತವೆಂದು ಹಿಡಿದು ವಾದಿಸುವುದು ಅತಿಯಾಯಿತು ಎಂದು ಯಾರಾದರೂ ಹೇಳಬಹುದು. ಆದರೆ ದೇವರ ಕುರಿತು ಜನರ ನಂಬಿಕೆ ಬದುಕುವುದು ಇಂಥ ಉದ್ಗಾರಗಳಲ್ಲೇ. ಪುರಾವೆ ಕೇಳದೆ ಒಪ್ಪಿಕೊಂಡ ಮಾತು ವಾದ ಮಾಡಿ ಒಪ್ಪಿಸಿದ ಮಾತಿಗಿಂತ ಆಳಕ್ಕೆ ಇಳಿಯುತ್ತದೆ. ಥಾಂಪ್ಸನ್ ಹಾಡು 15 ವಾರ ಕಂಟ್ರಿ ಸಂಗೀತದ ಪಟ್ಟಿಯ ತುದಿಯಲ್ಲಿತ್ತು. ಅಷ್ಟೂ ವಾರ ಆ ಮಾತು ರೇಡಿಯೋಗಳಲ್ಲಿ, ಜೂಕ್‌ಬಾಕ್ಸುಗಳಲ್ಲಿ ತಡೆಯಿಲ್ಲದೆ ಓಡಾಡಿತು. ಅದೇ ಕಾಲದಲ್ಲಿ ಲೂಸಿಯಾನಾದ ಜೆ. ಡಿ. ಮಿಲ್ಲರ್ ಬರೆದ ಉತ್ತರದ ಹಾಡನ್ನು ಕಿಟ್ಟಿ ವೆಲ್ಸ್‌ಗಿಂತ ಮೊದಲು ಇನ್ನೊಬ್ಬ ಗಾಯಕಿ ಧ್ವನಿಮುದ್ರಿಸಿದ್ದರು. ಅದರ ಶೀರ್ಷಿಕೆ ಪ್ರಶ್ನೆಯ ರೂಪದಲ್ಲಿತ್ತು: ಇವರನ್ನು ದೇವರು ಮಾಡಿದನೇ? ಕಿಟ್ಟಿ ವೆಲ್ಸ್‌ರ ಧ್ವನಿಮುದ್ರಿಕೆಯಲ್ಲಿ ಆ ಪ್ರಶ್ನೆ ಖಚಿತವಾದ ನಿರಾಕರಣೆಯಾಯಿತು. ಈ ಬದಲಾವಣೆ ನನಗೆ ಸಣ್ಣದೆನಿಸುವುದಿಲ್ಲ.

ದೇವರು ಸರ್ವಶಕ್ತನಾದರೆ ಬಾರನ್ನೂ ಅಲ್ಲಿ ಕೂತವಳನ್ನೂ ಅವಳ ಆಸೆಗಳನ್ನೂ ಸೃಷ್ಟಿಸಿದವನು ಅವನೇ ಅಲ್ಲವೇ ಎಂಬುದು ಹೆಚ್ಚು ತೂಕದ ಆಕ್ಷೇಪ. ಕುಂಬಾರ ಒಂದೇ ಮಣ್ಣಿನಿಂದ ಗೌರವದ ಪಾತ್ರೆಯನ್ನೂ ಹೀನ ಬಳಕೆಯ ಪಾತ್ರೆಯನ್ನೂ ಮಾಡಬಲ್ಲನೆಂದು ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ವಾದಿಸಿದ್ದಾನೆ. ಆದರೆ ಆ ಪರಂಪರೆಯ ಅತ್ಯಂತ ಕಟ್ಟುನಿಟ್ಟಿನ ದಾಖಲೆಗಳೂ ಥಾಂಪ್ಸನ್ ಹಾಡಿನ ಗಂಡಿನ ಜೊತೆ ನಿಲ್ಲುವುದಿಲ್ಲ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ, ನಡೆಯುವುದೆಲ್ಲವೂ ದೇವರ ಅನಾದಿ ಸಂಕಲ್ಪದಂತೆಯೇ ಎಂದು ಹೇಳಿದ ಬೆನ್ನಿಗೇ, ಹಾಗೆಂದು ದೇವರು ಪಾಪದ ಕರ್ತನಲ್ಲ ಎಂದು ಗೆರೆ ಎಳೆಯುತ್ತದೆ. ಅದಕ್ಕೂ ಸಾವಿರದ ಇನ್ನೂರು ವರ್ಷಗಳ ಹಿಂದೆ ಅಗಸ್ಟೀನ್ ಸ್ವತಂತ್ರ ಇಚ್ಛೆಯ ಕುರಿತು ಬರೆದ ಸಂವಾದ ಶುರುವಾಗುವುದೇ, ಕೆಡುಕಿಗೆ ದೇವರು ಕಾರಣನೇ ಎಂಬ ಪ್ರಶ್ನೆಯಿಂದ. ಕೆಡುಕು ಮನುಷ್ಯನ ಇಚ್ಛೆ ಅಡ್ಡದಾರಿ ಹಿಡಿಯುವುದರಲ್ಲಿದೆ ಎಂಬುದು ಅವನ ಉತ್ತರ. ಪ್ರಲೋಭನೆಗೆ ಸಿಕ್ಕವನು ತನ್ನನ್ನು ಪ್ರಲೋಭಿಸಿದವನು ದೇವರೆಂದು ಹೇಳಕೂಡದು ಎಂದು ಯಾಕೋಬನ ಪತ್ರ ಸ್ಪಷ್ಟವಾಗಿಯೇ ಎಚ್ಚರಿಸುತ್ತದೆ. ಹೀಗೆ ನೋಡಿದರೆ ಸಂಪ್ರದಾಯದ ಪಕ್ಷದಲ್ಲಿದ್ದದ್ದು ಕಿಟ್ಟಿ ವೆಲ್ಸ್ ಹಾಡು. ಆದರೂ ಅದು ಅಶ್ಲೀಲಕ್ಕೆ ಹತ್ತಿರವೆಂದು ಎನ್‌ಬಿಸಿ ರೇಡಿಯೋ ಜಾಲ ತಡೆದದ್ದು ಅದನ್ನೇ, ಮೊದಮೊದಲು ಕಂಟ್ರಿ ಸಂಗೀತದ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹಿಂಜರಿದದ್ದೂ ಅದಕ್ಕೇ. ದೇವರ ಮೇಲೆ ತಪ್ಪು ಹೊರಿಸಿದ ಹಾಡಿಗೆ ಆ ಗತಿ ಬರಲಿಲ್ಲ. ಮದುವೆಯಾದ ಗಂಡಸರು ತಾವಿನ್ನೂ ಒಂಟಿಗಳೆಂಬಂತೆ ನಡೆದುಕೊಳ್ಳುವುದನ್ನು ಕಿಟ್ಟಿ ವೆಲ್ಸ್ ಹಾಡು ಹೆಸರಿಸಿ ಹೇಳಿದ್ದೇ ಸಂಕೋಚಕ್ಕೆ ಕಾರಣವಾಗಿತ್ತೆಂದು ನಾನು ತಿಳಿಯುತ್ತೇನೆ. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಹಾದರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸುವಿನ ಮುಂದೆ ಎಳೆದುತರುತ್ತಾರೆ. ತಂದವರು ಮೋಶೆಯ ಧರ್ಮಶಾಸ್ತ್ರವನ್ನು ಮುಂದಿಡುತ್ತಾರೆ. ಆದರೆ ಯಾಜಕಕಾಂಡದ 20ನೇ ಅಧ್ಯಾಯ ಶಿಕ್ಷೆ ವಿಧಿಸುವುದು ಇಬ್ಬರಿಗೂ. ಆ ಗಂಡಸು ಎಲ್ಲಿ? ಅಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಕಿಟ್ಟಿ ವೆಲ್ಸ್ ಹಾಡು ಕೇಳುತ್ತದೆ.

ಹಾಡು ಬರೆದದ್ದು ಗಂಡಸು, ಹಾಡಿದಾಕೆಗೆ ಸಿಕ್ಕದ್ದು ಕಲಾವಿದರ ಸಂಘದ ದರದಂತೆ 125 ಡಾಲರ್. ಅದರಲ್ಲಿ ಶ್ರದ್ಧೆಯನ್ನು ಹುಡುಕುವುದೇಕೆ ಎಂಬ ಮಾತೂ ಇದೆ. ಆ ದಿನ ಸ್ಟುಡಿಯೋಗೆ ಹೋದದ್ದು ಮುಖ್ಯವಾಗಿ ಆ ಹಣಕ್ಕಾಗಿ ಎಂಬುದನ್ನು ಆಕೆ ಮುಚ್ಚಿಟ್ಟವರೂ ಅಲ್ಲ. ಆದರೆ ಒಂದು ಹೇಳಿಕೆ ನಿಜವೇ ಎಂಬುದು ಹೇಳಿದವರ ಉದ್ದೇಶದ ಮೇಲೆ ನಿಂತಿರುವುದಿಲ್ಲ. ಪಾದ್ರಿಗೂ ಸಂಬಳವಿದೆ. ಧ್ವನಿಮುದ್ರಿಕೆಯಲ್ಲಿ ಉಳಿದದ್ದು ದನಿ, ಆ ದನಿಯಲ್ಲಿ ಬಿಕ್ಕುವಿಕೆಯಿಲ್ಲ, ರೊಚ್ಚಿಲ್ಲ. 1949ರ ಭಕ್ತಿಗೀತೆಯನ್ನು ಹೇಗೆ ನೇರವಾಗಿ, ಅಲಂಕಾರವಿಲ್ಲದೆ ಹಾಡಿದ್ದರೋ ಇದನ್ನೂ ಹಾಗೆಯೇ ಹಾಡಿದ್ದಾರೆ, ಸಾಕ್ಷಿಕಟ್ಟೆಯಲ್ಲಿ ನಿಂತವರು ಕಂಡದ್ದನ್ನು ಹೇಳುವ ಹಾಗೆ. ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಒಂಟಿ ಗಾಯಕಿಯ ಹಾಡು ಅದಾಗಿ, ಆರು ವಾರ ಅಲ್ಲೇ ನಿಂತದ್ದಕ್ಕೆ ಈ ನಿರಾಡಂಬರವೂ ಒಂದು ಕಾರಣವಿರಬೇಕು.

ನನಗೆ ನಿಜವಾಗಿ ಕಷ್ಟವೆನಿಸುವ ಆಕ್ಷೇಪ ಬೇರೆ. ದೇವರ ಮೇಲಿನ ಹೊರೆಯನ್ನು ಇಳಿಸಿ ಗಂಡಸಿನ ತಲೆಗೆ ಹೊರಿಸಿದರೆ, ಹೆಣ್ಣು ಮತ್ತೆ ಇನ್ನೊಬ್ಬರು ಮಾಡಿಟ್ಟ ವಸ್ತುವೇ ಆದಳಲ್ಲ? ಇದನ್ನು ಪೂರ್ತಿ ತಳ್ಳಿಹಾಕಲಾಗದು. ಒಡೆದ ಹೆಚ್ಚುಕಡಿಮೆ ಎಲ್ಲ ಹೃದಯಗಳ ಹಿಂದೆಯೂ ಗಂಡಸಿನ ತಪ್ಪಿದೆ ಎನ್ನುವಷ್ಟು ದೂರ ಹಾಡು ಹೋಗುತ್ತದೆ. ಅಲ್ಲಿ ಅದು ನಿಜದ ಗಡಿ ದಾಟಿದೆ. ಆದಾಮನ ಹೆಂಡತಿ ಹವ್ವಳೂ ಸರ್ಪದ ಕಡೆ ಬೆರಳು ತೋರಿಸಿದವಳೇ, ಅವಳ ಉತ್ತರವನ್ನೂ ದೇವರು ಒಪ್ಪಲಿಲ್ಲ. ಆದರೂ ಎರಡು ದೂರುಗಳು ಸಮವಲ್ಲ. ತಪ್ಪನ್ನು ಸೃಷ್ಟಿಕರ್ತನ ಮೇಲೆ ಹಾಕಿದರೆ ಅಲ್ಲಿಗೆ ವಿಚಾರಣೆ ಮುಗಿಯುತ್ತದೆ, ಏಕೆಂದರೆ ಅವನನ್ನು ತಿದ್ದುವವರಿಲ್ಲ. ಗಂಡಸಿನ ಮೇಲೆ ಹಾಕಿದರೆ ಅವನು ಉತ್ತರಿಸಬಹುದು, ಅಲ್ಲಗಳೆಯಬಹುದು, ಪಶ್ಚಾತ್ತಾಪ ಪಡಬಹುದು, ತನಗೂ ಪಾಲಿತ್ತೆಂದು ಅವಳೂ ಒಪ್ಪಬಹುದು. ವಿಚಾರಣೆ ಮನುಷ್ಯರ ನಡುವೆ ಮತ್ತೆ ಶುರುವಾಗುತ್ತದೆ. ಹಾಡು ಬಿಟ್ಟುಬಿಟ್ಟ ಅವಳ ಪಾಲಿನ ಮಾತು 1949ರ ಆ ಮಾರಾಟವಾಗದ ರೆಕಾರ್ಡಿನಲ್ಲಿದೆ. ಅಲ್ಲಿ ಪ್ರಾರ್ಥಿಸಬೇಕಾದವರು ಗಂಡೋ ಹೆಣ್ಣೋ ಎಂಬ ಭೇದವಿಲ್ಲ, ಗಡುವು ಎಲ್ಲರಿಗೂ ಒಂದೇ. 1952ರ ಹಾಡನ್ನು ಮಾತ್ರ ಕೇಳಿ ಕಿಟ್ಟಿ ವೆಲ್ಸ್‌ರನ್ನು ಗಂಡಸರನ್ನು ದೂರಿದ ಗಾಯಕಿ ಎಂದು ಮುಗಿಸುವವರು ಆ ಮೊದಲ ಮುದ್ರಿಕೆಗಳನ್ನೂ ಜೊತೆಗಿಟ್ಟು ಕೇಳಬೇಕು. ಆಗ ಕೇಳಿಸುವ ದನಿ ಗಂಡಿನ ನೆಪವನ್ನೂ ಒಪ್ಪುವುದಿಲ್ಲ, ತನ್ನ ನೆಪವನ್ನೂ ಒಪ್ಪುವುದಿಲ್ಲ.