ನಂಬಿಕೆಯೂ ಲೆಕ್ಕವೂ

ಪ್ರಜಾಪ್ರಭುತ್ವವನ್ನು ಉಳಿಸಿಕೊಳ್ಳಬೇಕು, ರಾಜಕಾರಣದ ಮೇಲೆ ಜನರು ಕಳೆದುಕೊಂಡಿರುವ ನಂಬಿಕೆಯನ್ನು ಮರಳಿ ತರಬೇಕು ಎಂಬ ಮಾತು ಈಗ ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ನಂಬಿಕೆಯೆಂದರೇನು, ಅದನ್ನು ಯಾರು ಯಾರಿಗೆ ಸಲ್ಲಿಸಬೇಕು, ಯಾವ ನಿಬಂಧನೆಯ ಮೇಲೆ ಸಲ್ಲಿಸಬೇಕು ಎಂಬುದನ್ನು ವಿಚಾರಿಸದೆ ಅದನ್ನು ಮರಳಿ ತರುವ ಬಗೆ ತಿಳಿಯದು. ಈ ವಿಚಾರಕ್ಕೆ ನನ್ನನ್ನು ಎಳೆದುತಂದವನು ಯಾವ ಪಂಡಿತನೂ ಅಲ್ಲ. ನಮ್ಮೂರಿನ ಒಬ್ಬ ಸಾಮಾನ್ಯ ರೈತ.

2023ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆದು ಕೆಲವು ತಿಂಗಳುಗಳು ಕಳೆದಿದ್ದವು. ಒಂದು ಸಂಜೆ ಆತ ಶಾಲೆಯ ಜಗಲಿಯ ಮೇಲೆ ಬಂದು ಕುಳಿತು ಹೀಗೆ ಕೇಳಿದ: “ಮತದಾನದ ಹಿಂದಿನ ರಾತ್ರಿ ಎರಡು ಕಡೆಯವರೂ ಮನೆಗೆ ಬಂದು ಹಣ ಕೊಟ್ಟರು. ಎರಡನ್ನೂ ಇಸಿದುಕೊಂಡೆ. ಮತವನ್ನು ಮಾತ್ರ ನನಗೆ ಯೋಗ್ಯನೆಂದು ಕಂಡವನಿಗೇ ಹಾಕಿದೆ. ಹಣ ತೆಗೆದುಕೊಂಡೆನೇ ಹೊರತು ಮತವನ್ನು ಮಾರಲಿಲ್ಲ. ಇದರಲ್ಲಿ ಪಾಪವಿದೆಯೇ, ಮಾಸ್ತರೇ?” ಮೂವತ್ತು ವರುಷಗಳಿಂದ ಮಕ್ಕಳಿಗೆ ವಚನಗಳ ಪಾಠ ಹೇಳುತ್ತ ಬಂದಿರುವ ನಾನು ಒಡನೆಯೇ ಉತ್ತರಿಸಲಾರದೆ ಹೋದೆನು. ಆ ಸಂಜೆಯ ಬಾಕಿಯನ್ನು ಇಲ್ಲಿ ತೀರಿಸಲು ಯತ್ನಿಸಿದ್ದೇನೆ.

ಆತನ ವಾದವನ್ನು ಹಗುರವಾಗಿ ಎಣಿಸಲಾಗದು. ಅಧರ್ಮದ ಕಾರ್ಯಕ್ಕಾಗಿ ಕೊಟ್ಟ ಮಾತು ಕೊಟ್ಟವನನ್ನು ಬಂಧಿಸುವುದಿಲ್ಲವೆಂಬುದು ಧರ್ಮಜ್ಞರೆಲ್ಲರೂ ಒಪ್ಪುವ ಸಂಗತಿ. ಆದುದರಿಂದ ಹಣ ಕೊಟ್ಟವನಿಗೆ ಮತ ಹಾಕಲಿಲ್ಲವೆಂಬುದು ವಚನಭಂಗವಾಗದು. ಆ ಹಣವೂ ಎಲ್ಲಿಂದಲೋ ಸುತ್ತಿ ಬಂದ ನಮ್ಮ ಹಣವೇ ಎಂದು ಆತ ಹೇಳಿದನು. ಅದೂ ಪೂರ್ತಿ ಸುಳ್ಳೆನ್ನಲಾರೆ. ಇನ್ನು ಕಾನೂನನ್ನು ನೋಡಿದರೆ ಅದು ಸ್ಪಷ್ಟವಾಗಿದೆ: ಮತಕ್ಕಾಗಿ ಲಂಚ ಕೊಡುವವನಂತೆ ತೆಗೆದುಕೊಳ್ಳುವವನೂ ಅಪರಾಧಿ. ಆದರೆ ಆತ ನನ್ನನ್ನು ಕೇಳಿದ್ದು ಕಾನೂನನ್ನಲ್ಲ, ಧರ್ಮವನ್ನು.

ನಾನು ಅವನಿಗೆ ಒಂದು ಮರುಪ್ರಶ್ನೆ ಹಾಕಿದೆನು. “ಮತ ಗುಪ್ತವಾದುದು. ಯಾರಿಗೆ ಹಾಕಿದೆಯೆಂದು ತಿಳಿಯುವ ಬಗೆ ಹಣ ಕೊಟ್ಟವನಿಗಿಲ್ಲ. ಎದುರಾಳಿಯೂ ಕೊಡುತ್ತಾನೆಂದು ಅವನು ಬಲ್ಲ. ವ್ಯಾಪಾರದಲ್ಲಿ ಇಷ್ಟು ಚತುರನಾದವನು ಸಿಗುವುದೋ ಇಲ್ಲವೋ ತಿಳಿಯದ ಸರಕಿಗೆ ಹಣ ಸುರಿಯುವನೇ? ಅವನು ನಿನ್ನಿಂದ ಕೊಂಡದ್ದೇನು?” ಆತ ಬಹಳ ಹೊತ್ತು ಸುಮ್ಮನಿದ್ದು, ತಾನು ನಿಜವಾಗಿ ಏತಕ್ಕೆ ಬಂದೆನೆಂಬುದನ್ನು ಆಗ ಹೇಳಿದನು. ಹಿಂದಿನ ವಾರ ಗ್ರಾಮಸಭೆ ನಡೆದಿತ್ತು. ಊರಿನ ನೀರಿನ ತೊಟ್ಟಿಗೆ ಖರ್ಚಾಯಿತೆಂದು ಓದಿದ ಲೆಕ್ಕವನ್ನು ಪ್ರಶ್ನಿಸಬೇಕೆಂದು ಇವನು ಎದ್ದು ನಿಂತನಂತೆ. ಎದುರಿನ ಸಾಲಿನಲ್ಲಿ, ಆ ರಾತ್ರಿ ಲಕೋಟೆ ತಂದುಕೊಟ್ಟವನೇ ಕುಳಿತಿದ್ದ. ಅವನು ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದ. ಇವನು ಏನೂ ಕೇಳದೆ ಕುಳಿತುಬಿಟ್ಟ.

ಕೊಂಡದ್ದೇನೆಂಬುದು ಆಗ ನಮ್ಮಿಬ್ಬರಿಗೂ ತಿಳಿಯಿತು. ಮತ ಒಂದು ದಿನದ್ದು. ಪ್ರಶ್ನೆ ಕೇಳುವ ಅಧಿಕಾರ ಐದು ವರುಷಗಳದ್ದು. ಮಾರಾಟವಾದದ್ದು ಈ ಎರಡನೆಯದು. ಮತವನ್ನು ಶುದ್ಧವಾಗಿಯೇ ಹಾಕಿದೆನೆಂಬ ಸಮಾಧಾನದಲ್ಲಿ ಆತ ತನ್ನ ನಾಲಗೆಯನ್ನು ಒತ್ತೆಯಿಟ್ಟಿದ್ದನು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಇದ್ದಲ್ಲಿಗೇ ಒಯ್ದು ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕದ್ದುದಲ್ಲ, ಬೇಡಿದುದೂ ಅಲ್ಲ. ಆದರೂ ಅದು ಕಾಯಕದ ಅಳತೆಯನ್ನು ಮೀರಿತ್ತು. ಕಾಯಕದಿಂದ ಬಂದುದನ್ನು ಉಣ್ಣುವವನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಳತೆ ಮೀರಿದುದನ್ನು ಉಂಡವನು ಅದು ಬಂದ ಕೈಯನ್ನು ನೋಡಲೇಬೇಕಾಗುತ್ತದೆ. ಬಸವಣ್ಣನವರಂಥವರ ಎದುರಿನಲ್ಲಿಯೂ ನೆಟ್ಟಗೆ ನಿಂತು ಮಾತನಾಡುವ ಧೈರ್ಯ ಆ ಬಡ ದಂಪತಿಗಳಿಗೆ ಈ ಎಚ್ಚರದಿಂದಲೇ ಬಂದುದು. ನನ್ನ ರೈತಮಿತ್ರನ ಪ್ರಶ್ನೆಗೆ ಶರಣರ ಬಾಳಿನಲ್ಲಿ ದೊರೆಯುವ ಉತ್ತರವಿದು.

ಇಷ್ಟು ಮತದಾರನ ಮಾತಾಯಿತು. ಇನ್ನು ಆಳುವವರ ವಿಷಯ. ಇಲ್ಲಿ ನಮ್ಮಂಥವರಿಗೆ ಒಂದು ಕಠಿಣವಾದ ತೊಡಕು ಎದುರಾಗುತ್ತದೆ. 1949ನೆಯ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಮಾಡಿದ ಭಾಷಣದಲ್ಲಿ ಭಕ್ತಿಯ ವಿಷಯವಾಗಿ ಒಂದು ಎಚ್ಚರಿಕೆಯಿದೆ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬುದು ಅದರ ತಾತ್ಪರ್ಯ. ಭಕ್ತಿಯನ್ನೇ ಉಸಿರಾಗಿಸಿಕೊಂಡ ಪರಂಪರೆಯವರು ಈ ಮಾತನ್ನು ಕೇಳಿ ನೊಂದುಕೊಳ್ಳಬೇಕೇ? ಬೇಡವೆಂದೇ ನನ್ನ ಭಾವನೆ. ವಿಚಾರಿಸಿ ನೋಡಿದರೆ ಶರಣರ ನಿಲುವೂ ಇದೇ ಆಗಿದೆ. ಅವರು ಭಕ್ತಿಯನ್ನು ಲಿಂಗಕ್ಕೆ ಮೀಸಲಿಟ್ಟರು. ಮೀಸಲೆಂದರೆ ಬೇರೊಬ್ಬರಿಗೆ ಸಲ್ಲದುದು ಎಂದರ್ಥ. ದೇವರಿಗೆ ಸಲ್ಲಬೇಕಾದುದನ್ನು ಮನುಷ್ಯನಿಗೆ, ಅದರಲ್ಲಿಯೂ ಅಧಿಕಾರದಲ್ಲಿರುವ ಮನುಷ್ಯನಿಗೆ ಸಲ್ಲಿಸುವುದು ರಾಜಕಾರಣವನ್ನು ಕೆಡಿಸುವ ಮೊದಲೇ ಭಕ್ತಿಯನ್ನು ಕೆಡಿಸುತ್ತದೆ.

ನಮ್ಮ ಭಾಷೆಯಲ್ಲಿಯೇ ಈ ಭೇದ ಅಡಗಿದೆ. ಶ್ರದ್ಧೆಯೆಂಬ ಪದದಲ್ಲಿರುವ ‘ಶ್ರತ್’ ಎಂಬುದನ್ನು ವೈದಿಕ ನಿಘಂಟು ಸತ್ಯದ ಹೆಸರುಗಳಲ್ಲಿ ಎಣಿಸಿದೆ. ಸತ್ಯದಲ್ಲಿ ನೆಲೆಗೊಳಿಸುವುದೇ ಶ್ರದ್ಧೆ. ವಿಶ್ವಾಸವೆಂಬ ಪದವಾದರೋ ಉಸಿರಾಡುವುದೆಂಬ ಅರ್ಥದ ‘ಶ್ವಸ್’ ಧಾತುವಿನಿಂದ ಬಂದುದು. ನಿರಾತಂಕವಾಗಿ ಉಸಿರಾಡುವುದೇ ವಿಶ್ವಾಸ. ದೇವರಲ್ಲಿ ಇಡಬೇಕಾದುದು ಶ್ರದ್ಧೆ. ಅಲ್ಲಿ ಲೆಕ್ಕ ಕೇಳುವ ಪ್ರಸಂಗವಿಲ್ಲ. ಆಳುವವರಲ್ಲಿ ನಮಗೆ ಬೇಕಾದುದು ವಿಶ್ವಾಸ. ಮನೆಯ ಬಾಗಿಲಿಗೆ ಅಗುಳಿಯಿದೆಯೆಂದು ತಿಳಿದವನು ನಿರಾತಂಕವಾಗಿ ನಿದ್ರಿಸುವಂತೆ, ಕೇಳಿದಾಗ ಲೆಕ್ಕ ಸಿಗುವುದೆಂದು ತಿಳಿದ ಪ್ರಜೆ ನಿರಾತಂಕವಾಗಿ ಉಸಿರಾಡುತ್ತಾನೆ. ಅಗುಳಿಯನ್ನು ಕಿತ್ತುಹಾಕಿ “ನನ್ನನ್ನು ನಂಬಿ ಮಲಗು” ಎನ್ನುವವನ ಮಾತಿನಿಂದ ವಿಶ್ವಾಸ ಹುಟ್ಟದು.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಆಗದವರು ದೂರು ಒಯ್ದ ಕಥೆ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂದು ಅವು ಹೇಳುತ್ತವೆ. ಅದನ್ನು ಪವಾಡವೆಂದು ಕೊಂಡಾಡುವುದು ವಾಡಿಕೆ. ನಾನು ಮಕ್ಕಳಿಗೆ ತೋರಿಸುವುದು ಬೇರೊಂದನ್ನು: “ನಾನು ಭಕ್ತ, ನನ್ನನ್ನು ಶಂಕಿಸುವಿರಾ?” ಎಂದು ಬಸವಣ್ಣನವರು ಸಿಡುಕಲಿಲ್ಲ. ಬಾಗಿಲು ತೆರೆದರು, ಎಣಿಸಲು ಬಿಟ್ಟರು. ಶುದ್ಧವಾದ ಕೈಗೆ ಲೆಕ್ಕ ಕೇಳಿದರೆ ಅವಮಾನವಾಗದು.

ಶಂಕೆಯನ್ನು ಅವಮಾನವೆಂದು ತಿಳಿಯದಿರುವ ಪಾಠವನ್ನು ನಮ್ಮ ಮತದಾರರು ಎಂದೋ ಕಲಿತಿದ್ದಾರೆ. ಮತಗಟ್ಟೆಯಲ್ಲಿ ಎಡಗೈಯ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ನೋಡಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯಲ್ಲಿ ಅದು ತಯಾರಾಗುತ್ತದೆ. 1962ರ ಮಹಾಚುನಾವಣೆಯಿಂದ ದೇಶವೆಲ್ಲ ಅದನ್ನು ಬಳಸುತ್ತಿದೆ. “ನೀನು ಎರಡನೆಯ ಸಲ ಬರಬಹುದು” ಎಂಬ ಶಂಕೆಯೇ ಆ ಗುರುತಿನ ಅರ್ಥ. 2024ರ ಲೋಕಸಭಾ ಚುನಾವಣೆಯಲ್ಲಿ 64 ಕೋಟಿಗೂ ಮಿಕ್ಕ ಜನರು ಬೆರಳು ಮುಂದೆ ಚಾಚಿ ಅದನ್ನು ಹಾಕಿಸಿಕೊಂಡರು. ನನ್ನನ್ನು ಕಳ್ಳನೆಂದಿರಾ ಎಂದು ಯಾರೂ ಮುನಿಯಲಿಲ್ಲ. ಕೂಲಿಯವನೂ ಮುದುಕಿಯೂ ಸಹಿಸುವ ಈ ಪರೀಕ್ಷೆಯನ್ನು ಅವರ ಮತದಿಂದ ಅಧಿಕಾರ ಪಡೆದವರು ಏಕೆ ಸಹಿಸಬಾರದು?

ಆಳುವವರ ಕಡೆಗೂ ಅಂಥ ಪರೀಕ್ಷೆಗಳು ನಮ್ಮಲ್ಲಿ ಒಂದೊಂದಾಗಿ ಬಂದಿವೆ, ಸುಲಭವಾಗಿ ಬಂದಿಲ್ಲ. ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕಟ್ಟಿದ ಒಂದು ಸಂಸ್ಥೆ ನ್ಯಾಯಾಲಯದ ಬಾಗಿಲು ತಟ್ಟಿದುದರ ಫಲವಾಗಿ, ಅಭ್ಯರ್ಥಿಗಳು ತಮ್ಮ ಮೇಲಿನ ಮೊಕದ್ದಮೆಗಳನ್ನೂ ಆಸ್ತಿಯನ್ನೂ ವಿದ್ಯೆಯನ್ನೂ ಪ್ರಕಟಿಸಬೇಕೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಆ ಬಾಗಿಲನ್ನು ಅರೆ ಮುಚ್ಚುವ ಶಾಸನವೊಂದು ಬಂದಾಗ 2003ರಲ್ಲಿ ಅದನ್ನು ನ್ಯಾಯಾಲಯ ಒಪ್ಪಲಿಲ್ಲ. ನಮ್ಮ ರಾಜ್ಯದಲ್ಲಿ 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಿದುದರಿಂದ ಎದ್ದ ವ್ಯಾಜ್ಯದಲ್ಲಿ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಬಹುಮತದ ಲೆಕ್ಕವನ್ನು ರಾಜ್ಯಪಾಲರ ಅಭಿಪ್ರಾಯದಿಂದ ತೀರ್ಮಾನಿಸದೆ ಶಾಸನಸಭೆಯಲ್ಲಿಯೇ ಎಣಿಸಬೇಕೆಂಬುದು ಅದರಿಂದ ದೃಢವಾಯಿತು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳಲ್ಲಿ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬುದು ಮತದಾರನಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳು ಏಕಮತದಿಂದ ಆ ಯೋಜನೆಯನ್ನು ರದ್ದುಪಡಿಸಿದರು. ತಿಳಿಯುವುದು ಮತದಾರನ ಹಕ್ಕೆಂಬುದೇ ಅದರ ಆಧಾರ. ರೈತನ ಮನೆಗೆ ಬರುವ ಲಕೋಟೆಗೂ ಪಕ್ಷದ ಭಂಡಾರಕ್ಕೆ ಬರುವ ಗುಪ್ತಧನಕ್ಕೂ ಗಾತ್ರದಲ್ಲಿ ಭೇದವಿದೆ. ಎರಡರಲ್ಲಿಯೂ ಪಡೆದವನ ಬಾಯಿ ಕೊಟ್ಟವನ ಕೈಯಲ್ಲಿರುತ್ತದೆ.

ಒಳ್ಳೆಯವನೇ ಅಧಿಕಾರಕ್ಕೆ ಬಂದರೆ ಇವೆಲ್ಲ ಏತಕ್ಕೆಂದು ಕೆಲವರು ಕೇಳುವುದುಂಟು. ಇದಕ್ಕೆ ಕಲ್ಯಾಣದ ಕೊನೆಯೇ ಉತ್ತರ. ಅನುಭವ ಮಂಟಪವನ್ನು ನಾವು ಅಭಿಮಾನದಿಂದ ಪ್ರಜಾಪ್ರಭುತ್ವದ ತವರೆಂದು ಕರೆಯುತ್ತೇವೆ. ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿದ್ದ ಆ ಗೋಷ್ಠಿಯಲ್ಲಿ ಕುಲ, ಕಸುಬು, ಸ್ತ್ರೀಪುರುಷರೆಂಬ ಭೇದವಿಲ್ಲದೆ ಯಾರೂ ಯಾರನ್ನೂ ಪ್ರಶ್ನಿಸಬಹುದಾಗಿತ್ತೆಂಬುದು ನಮ್ಮ ಪರಂಪರೆಯ ಹೆಮ್ಮೆ. ಆದರೆ ಅಲ್ಲಿ ಚುನಾವಣೆ ಇರಲಿಲ್ಲ, ಅದನ್ನು ಕಾಯುವ ಶಾಸನವೂ ಇರಲಿಲ್ಲ. ಅರಸನ ಸಹನೆಯೊಂದೇ ಅದರ ಬೇಲಿ. ಹರಳಯ್ಯ ಮಧುವರಸರು ಕುಲದ ಗೋಡೆಯನ್ನು ದಾಟಿ ಬೀಗರಾದಾಗ ಆ ಸಹನೆ ಮುಗಿಯಿತು. ಅವರಿಬ್ಬರೂ ಘೋರವಾದ ಮರಣದಂಡನೆಗೆ ಗುರಿಯಾದರು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಪ್ರಶ್ನಿಸುವ ಸ್ವಾತಂತ್ರ್ಯ ಒಬ್ಬನ ಅನುಗ್ರಹದಿಂದ ಬಂದುದಾದರೆ ಅನುಗ್ರಹ ತಪ್ಪಿದ ದಿನ ಅದೂ ತಪ್ಪುತ್ತದೆ.

ಆದುದರಿಂದಲೇ ಲೆಕ್ಕ ಕೇಳುವ ಸಂಸ್ಥೆಗಳು ಲೆಕ್ಕ ಕೊಡಬೇಕಾದವರ ಅನುಗ್ರಹದಲ್ಲಿ ಇರಬಾರದು. ಚುನಾವಣಾ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಮಂತ್ರಿ, ವಿರೋಧಪಕ್ಷದ ನಾಯಕರು ಮತ್ತು ಮುಖ್ಯ ನ್ಯಾಯಮೂರ್ತಿಗಳು ಇರತಕ್ಕದ್ದೆಂದು, ಸಂಸತ್ತು ಕಾನೂನು ಮಾಡುವವರೆಗಿನ ವ್ಯವಸ್ಥೆಯಾಗಿ, 2023ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರುಷದ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನಿನಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸ್ಥಾನಕ್ಕೆ ಪ್ರಧಾನಮಂತ್ರಿಗಳು ಹೆಸರಿಸುವ ಒಬ್ಬ ಸಚಿವರು ಬಂದರು. ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ, ನಿಜ. ಆದರೂ ಮೂವರಲ್ಲಿ ಇಬ್ಬರು ಆಳುವ ಪಕ್ಷದವರೇ ಆದಾಗ ಆಯ್ಕೆಯಾದವರು ಎಷ್ಟೇ ನಿಷ್ಪಕ್ಷಪಾತಿಗಳಾಗಿರಲಿ, ಸೋತವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಯಾವ ಪಕ್ಷ ಆಳುತ್ತಿದ್ದರೂ ಈ ಮಾತು ಒಂದೇ. ಗೆದ್ದವನ ವಿಶ್ವಾಸ ಸಹಜವಾಗಿಯೇ ದೊರೆಯುತ್ತದೆ. ಸೋತವನು “ಸೋಲು ನನ್ನದು, ಎಣಿಕೆ ಸರಿಯಾದುದು” ಎಂದು ಒಪ್ಪಿ ಮನೆಗೆ ಹೋಗುವಂತಾದರೆ ಪ್ರಜಾಪ್ರಭುತ್ವ ಸುರಕ್ಷಿತವಾಗಿದೆಯೆನ್ನಬಹುದು.

ಪರರ ದೋಷವನ್ನು ಎಣಿಸಿ ಇಲ್ಲಿಗೇ ನಿಲ್ಲಿಸಿದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಚುನಾವಣೆ ಸಮೀಪಿಸಿತೆಂದರೆ ಎಲ್ಲ ಪಕ್ಷದವರೂ ಮಠಗಳಿಗೆ ಬರುತ್ತಾರೆ. ಬಂದವರನ್ನು ಆಶೀರ್ವದಿಸುವುದು ಮಠದ ಧರ್ಮ, ಅದರಲ್ಲಿ ತಪ್ಪಿಲ್ಲ. ಆದರೆ ಆ ಆಶೀರ್ವಾದದ ಚಿತ್ರ ಮರುದಿನ ಬೀದಿಯ ಗೋಡೆಯ ಮೇಲೆ ಬಂದಾಗ ಭಕ್ತರು ಅದನ್ನು ಆಜ್ಞೆಯೆಂದು ಓದುತ್ತಾರೆ. ಲಿಂಗಕ್ಕೆ ಮೀಸಲಾದ ಭಕ್ತಿ ಹೀಗೆ ನಮ್ಮ ಅಂಗಳದಿಂದಲೇ ಮತಪೆಟ್ಟಿಗೆಗೆ ಹರಿದುಹೋಗುತ್ತದೆ. ಮಠಗಳು ಬಂದವರೆಲ್ಲರಿಗೂ ಪ್ರಸಾದವನ್ನಿಕ್ಕಲಿ. ಯಾರ ಪರವಾಗಿಯೂ ಶಿಫಾರಸು ಮಾಡದಿರಲಿ. ಪಡೆದ ಅನುದಾನವನ್ನೂ ಭಕ್ತರ ಕಾಣಿಕೆಯನ್ನೂ ಹೇಗೆ ವಿನಿಯೋಗಿಸಿದೆವೆಂಬ ಲೆಕ್ಕವನ್ನು ವರುಷಕ್ಕೊಮ್ಮೆ ಭಕ್ತರ ಮುಂದೆ ತಾವಾಗಿಯೇ ಓದಿಸಲಿ. ಭಂಡಾರಿ ಬಸವಣ್ಣನವರ ಹೆಸರು ಹೇಳುವವರಿಗೆ ಇದು ಹೊರೆಯಾಗಬಾರದು.

ನನ್ನದೂ ಒಂದು ತಪ್ಪಿದೆ. ಆ ಲಕೋಟೆಗಳು ಊರಿಗೆ ಬಂದ ವಿಷಯ ನನಗೆ ಆ ರಾತ್ರಿಯೇ ತಿಳಿದಿತ್ತು. ನಮ್ಮ ಮನೆಗೆ ಬಂದುದನ್ನು ಹಿಂದಿರುಗಿಸಿದೆ. ಆದರೆ ಮೆಲ್ಲಗೆ, ಯಾರಿಗೂ ಕೇಳಿಸದಂತೆ. ಮರುದಿನವಾಗಲಿ ಆಮೇಲಾಗಲಿ ತರಗತಿಯಲ್ಲಿ ಆ ಮಾತೆತ್ತಲಿಲ್ಲ. ಹಣ ತೆಗೆದುಕೊಂಡು ಆತ ಸುಮ್ಮನಾದನು. ತೆಗೆದುಕೊಳ್ಳದೆಯೂ ನಾನು ಸುಮ್ಮನಾದೆನು. ಇಬ್ಬರಲ್ಲಿ ಯಾರ ಮೌನಕ್ಕೆ ಕಾರಣ ಕಡಿಮೆಯೆಂಬುದನ್ನು ಓದುಗರೇ ನಿರ್ಣಯಿಸಬಹುದು.

ಅಂದು ಎದ್ದುಹೋಗುವಾಗ ಆತ, “ಆ ಹಣ ಖರ್ಚಾಗಿಹೋಗಿದೆ, ಈಗೇನು ಮಾಡಲಿ?” ಎಂದು ಕೇಳಿದನು. ಲಕ್ಕಮ್ಮನವರಂತೆ ಇದ್ದಲ್ಲಿಗೆ ಸುರಿದು ಬರುವ ಹಾದಿ ಅವನಿಗೆ ಉಳಿದಿರಲಿಲ್ಲ. ಆಗ ಹೇಳಲಾರದೆ ಹೋದುದನ್ನು ಈಗ ಹೇಳುತ್ತೇನೆ. ತೆಗೆದುಕೊಂಡೆನೆಂಬ ನಾಚಿಕೆ ಪ್ರಶ್ನೆ ಕೇಳದಿರಲು ನೆಪವಾಗಬಾರದು. ಹಾಗಾದರೆ ಕೊಟ್ಟವನೇ ಗೆದ್ದಂತೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಲ್ಲು. ಬೇಕಾದರೆ ತೆಗೆದುಕೊಂಡುದನ್ನೂ ಒಪ್ಪಿಕೊ. ಆಮೇಲೆ ನೀರಿನ ತೊಟ್ಟಿಯ ಲೆಕ್ಕವನ್ನು ಕೇಳು. ಈ ಸಲ ನಿನ್ನ ಪಕ್ಕದಲ್ಲಿ ನಾನೂ ಕುಳಿತಿರುತ್ತೇನೆ.